ಕೇಳದೆ ಕೊಟ್ಟ ಮಾತ್ರೆ

ಓದಿದವರು ಓದದವರ ಮೈಮೇಲೆ ಪರೀಕ್ಷೆ ಮಾಡಲು ಹೊರಟಲ್ಲೆಲ್ಲ ಇಂಥದ್ದು ನಡೆದೇ ನಡೆಯುತ್ತದೆ. ನಾನು ಕಂಡದ್ದು ಯುದ್ಧದ ಕಾಲದಲ್ಲಿ. ಕ್ವಿನೈನೆಲ್ಲ ಸೈನ್ಯಕ್ಕೆ ಹೋಗಿ, ನಮ್ಮ ಕರಾವಳಿಯಲ್ಲಿ ಮನೆಮನೆಯಲ್ಲೂ ಚಳಿಜ್ವರದವರು ಕಂಬಳಿ ಹೊದ್ದು ನಡುಗುತ್ತಿದ್ದರು. ಆಗ ಹೊಸ ಮಾತ್ರೆಯೊಂದನ್ನು ಪರೀಕ್ಷಿಸಲು ಮುಂಬಯಿ ಕಡೆಯಿಂದ ಒಬ್ಬ ಡಾಕ್ಟರ್ ಸಾಹೇಬರು ಬಂದರು. ನಾನು ಅವರ ಕಂಪೌಂಡರ್. ಅವರ ಮರಾಠಿಯನ್ನು ಕನ್ನಡ ಮಾಡುವುದು, ಜನರ ಹೆಬ್ಬೆಟ್ಟು ಒತ್ತಿಸುವುದು ನನ್ನ ಕೆಲಸ. ನೆನೆದರೆ ಈಗಲೂ ಮೈ ಉರಿಯುತ್ತದೆ. ನಗುವೂ ಬರುತ್ತದೆ, ಎಂತ ಮಾಡುವುದು!

೧. ಹೊನ್ನಾವರದ ಹೆಬ್ಬೆಟ್ಟು

ಒಪ್ಪಿಗೆಯ ಕಾಗದ ಇದ್ದದ್ದು ಇಂಗ್ಲಿಷಿನಲ್ಲಿ. ಸಾಲಿನ ಮೊದಲಿಗಿದ್ದ ಅಜ್ಜ ಕೇಳಿದ, "ಇದ್ರಲ್ಲಿ ಎಂತ ಬರ್ದಿದ್ರು?"

ಸಾಹೇಬರನ್ನು ಕೇಳಿದೆ. "ಹೇಳಿದರೂ ಅವನಿಗೆ ತಿಳಿಯುವುದಿಲ್ಲ, ಒತ್ತಿಸು" ಎಂದರು.

"ನಿಮ್ಮ ಒಳ್ಳೇದಕ್ಕೇ ಅಜ್ಜಾ" ಎಂದೆ, ನಾಚಿಕೆಗೆಟ್ಟವನು. ನನ್ನ ಇಂಗ್ಲಿಷೂ ಅಷ್ಟಕ್ಕಷ್ಟೆ.

"ಒಳ್ಳೇದಾದ್ರೆ ನೀ ಮೊದ್ಲು ಒತ್ತು."

ಒತ್ತಿದೆ. ಅದನ್ನು ಕಂಡು ಹಿಂದಿನವರೆಲ್ಲ ಒತ್ತಿದರು. ಅಜ್ಜ ಮಾತ್ರ ಕೈ ಹಿಂದೆ ಕಟ್ಟಿಕೊಂಡು, "ಆತು. ನಿಂಗೆ ಎಂತ ಆಗ್ತದೆ ಕಾಣ್ವ, ಆಮೇಲೆ ನಾ ಬತ್ತೆ" ಎಂದು ಮನೆಗೆ ಹೋದ. ಅಷ್ಟು ಜನರಲ್ಲಿ ಪರೀಕ್ಷೆ ಎಂದರೇನೆಂದು ತಿಳಿದವನು ಅವನೊಬ್ಬನೇ.

೨. ತೆಂಗಿನಗುಂಡಿಯ ಕಾಲು

ಜ್ವರ ತರುವ ಸೊಳ್ಳೆ ಯಾವುದೆಂದು ಸಾಹೇಬರಿಗೆ ತಿಳಿಯಬೇಕಿತ್ತು. ಅದಕ್ಕೆ ಮುಸ್ಸಂಜೆ ಹೊತ್ತಿಗೆ ಮೀನು ಹಿಡಿಯುವವನೊಬ್ಬನನ್ನು ಪಂಚೆ ಎತ್ತಿಸಿ, ಬರಿಗಾಲಲ್ಲಿ ಕೂರಿಸಿದರು. ಹೊಡೆಯುವಂತಿಲ್ಲ, ತುರಿಸುವಂತಿಲ್ಲ. ಕಾಲ ಮೇಲೆ ಕೂತ ಸೊಳ್ಳೆಯನ್ನು ನಾನು ಗಾಜಿನ ಕೊಳವೆಗೆ ಹಿಡಿಯಬೇಕು. ಸಾಹೇಬರು ಕುರ್ಚಿ ಹಾಕಿಕೊಂಡು ಸೊಳ್ಳೆಪರದೆಯೊಳಗೆ ಕೂತಿದ್ದರು.

"ಗಾಳಕ್ಕೆ ನಾವು ಸಿಗಡಿ ಚುಚ್ಚೂದು ಹಿಂಗೇ" ಎಂದ ಅವನು. "ಅಲ್ಲ ಮಾರಾಯ್ರೆ, ಸಾಹೇಬ್ರೂ ಒಂದು ಕಾಲು ಹೊರಗೆ ಹಾಕ್ಲಿ. ಉಂಡು ತಿಂದ ಮೈ, ಸೊಳ್ಳೆ ಬೇಗ ಬತ್ತದೆ."

ಒಂದಕ್ಷರ ಬಿಡದೆ ಹೇಳಿದೆ. ಸಾಹೇಬರು ಕಾಲನ್ನು ಇನ್ನೂ ಒಳಗೆಳೆದುಕೊಂಡು, "ಹುಚ್ಚೇನು ನಿನಗೆ? ನನಗೆ ಜ್ವರ ಬಂದರೆ?" ಎಂದರು ಮರಾಠಿಯಲ್ಲಿ.

ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಪಂಚೆ ಇಳಿಸಿ ಎದ್ದ. ಹತ್ತು ವರ್ಷ ಮುಂಬಯಿ ಬಂದರಿನಲ್ಲಿ ದುಡಿದವನಂತೆ, ಅವನಿಗೆ ನನಗಿಂತ ಚೆನ್ನಾಗಿ ಮರಾಠಿ ಬರುತ್ತಿತ್ತು.

೩. ಅಘನಾಶಿನಿಯ ಪಾಲು

ಕುಮಟೆಯ ಕಡೆ, ಅಘನಾಶಿನಿ ಹೊಳೆಯ ದಡದ ಕೇರಿಗೆ ಬಂದಾಗ ಸಾಹೇಬರು ಎರಡು ಡಬ್ಬಿ ತೆಗೆದರು. ಒಂದರಲ್ಲಿ ಜ್ವರದ ಹಳದಿ ಮಾತ್ರೆ. ಇನ್ನೊಂದರಲ್ಲಿ ಅರಿಸಿನ ಬಣ್ಣದ ಬರೀ ಹಿಟ್ಟಿನ ಮಾತ್ರೆ. ಜ್ವರವಿರಲಿ ಬಿಡಲಿ, ಅರ್ಧ ಕೇರಿಗೆ ಅದು, ಅರ್ಧಕ್ಕೆ ಇದು. ಕೊನೆಗೆ ಯಾರು ಗಟ್ಟಿ ಇದ್ದಾರೆಂದು ನೋಡುವುದಂತೆ.

"ಹಿಟ್ಟು ನುಂಗಿದವರ ಗತಿ?" ಎಂದೆ.

"ಬಾಯಿ ಮುಚ್ಚು" ಎಂದರು. ಮುಚ್ಚಿದೆ.

ಅಲ್ಲಿ ಹೊಳೆಯ ಕೆಸರಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವ ಮುದುಕಿಯೊಬ್ಬಳು. ಅವಳ ಬಾಣಂತಿ ಸೊಸೆ ಜ್ವರಕ್ಕೆ ಕಣ್ಣೇ ಬಿಡುತ್ತಿರಲಿಲ್ಲ. ಆ ಸೊಸೆಗೆ ಬಂದದ್ದು ಹಿಟ್ಟಿನ ಪೊಟ್ಟಣ. "ತಮಾ, ಇದ್ರಿಂದ ನಮ್ಮ ಹುಡ್ಗಿ ಬದುಕ್ತದಾ?" ಎಂದು ಮುದುಕಿ ಕೇಳಿದಾಗ ನಾನು ನೆಲ ನೋಡಿದೆ. ಥೂ, ನನ್ನ ಜನ್ಮಕ್ಕಿಷ್ಟು! ಮುದುಕಿ ನನ್ನ ಮುಖವನ್ನೇ ನೋಡಿ, ಮಾತ್ರೆಯನ್ನು ನಾಲಿಗೆಗೆ ಮುಟ್ಟಿಸಿ, ಪಕ್ಕದ ಮನೆಯತ್ತ ನಡೆದಳು.

ವಾರ ಬಿಟ್ಟು ಹೋದರೆ ಸೊಸೆ ಎದ್ದು ಕೂತು ಮಗುವಿಗೆ ಹಾಲು ಕೊಡುತ್ತಿದ್ದಾಳೆ! ಹಿಟ್ಟಿನ ಪೊಟ್ಟಣ ಸಿಕ್ಕಿದ್ದ ಉಳಿದ ಜ್ವರದವರೂ ಎದ್ದಿದ್ದಾರೆ. ಸಾಹೇಬರು ಯಾರಿಗೆ ಯಾವುದೆಂದು ಬರೆದಿಟ್ಟ ಪುಸ್ತಕವನ್ನು ಎರಡೆರಡು ಸಲ ತಿರುವಿದರು. ಹಿಟ್ಟಿಗೆ ಜ್ವರ ಬಿಡುವುದೆಂದರೇನು?

ಮುದುಕಿ ಹೇಳಿದಳು, "ಬಳಚು ಪಾಲು ಮಾಡುವಾಗ ಕಾಯ್ಲೆ ಬಿದ್ದ ಮನೆಗೆ ಮೊದ್ಲ ಪಾಲು, ಅದು ನಮ್ಮಲ್ಲಿ ಕ್ರಮ. ಎಲ್ಲರ ಪೊಟ್ಟಣ ಒಟ್ಟು ಮಾಡಿ ನೆಕ್ಕಿ ಕಂಡೆ. ಕಹಿ ಇದ್ದದ್ದು ಜ್ವರದವ್ರಿಗೆ ಕೊಟ್ಟೆ. ಕಹಿ ಇಲ್ದೇ ಇದ್ದದ್ದು ಕೋಳಿಗೆ ಹಾಕ್ದೆ."

ಸಾಹೇಬರು ಕೆಂಡವಾದರು. "ನನ್ನ ಪರೀಕ್ಷೆ ಹಾಳಾಯಿತು! ಯಾರನ್ನು ಕೇಳಿ ಹಂಚಿದಿ?" ಅದನ್ನು ಕನ್ನಡ ಮಾಡುವಾಗ ನನಗೆ ಒಳಗೊಳಗೇ ಕುಣಿಯುವಷ್ಟು ಖುಷಿ.

"ನೀವು ಯಾರನ್ನ ಕೇಳಿ ಕೊಟ್ರಿ?" ಎಂದಳು ಮುದುಕಿ. "ಪುಸ್ತಕ ತುಂಬೂದೇ ಆದ್ರೆ ಕೋಳಿ ಹೆಸ್ರು ಬರ್ಕೊಳ್ಳಿ. ಒಂದಕ್ಕೂ ಜ್ವರ ಇಲ್ಲ."