ಹಾಡು ಊರಿಗೆ, ಕೆಮ್ಮು ಮನೆಗೆ

ನಮ್ಮ ಕಾಕಾ ಕಾಲಿಟ್ಟ ಮನೆಯಲ್ಲಿ ಸತ್ತವರು ಕೆಮ್ಮುತ್ತಾರೆ! ಪದವಿ ಪಡೆದವಳು ಇಂಥ ಮಾತು ಬರೆಯಬಹುದೇ ಎಂದು ನೀವು ಹುಬ್ಬೇರಿಸುವ ಮುನ್ನವೇ ಸ್ಪಷ್ಟಪಡಿಸುತ್ತೇನೆ: ಇದರಲ್ಲಿ ಉತ್ಪ್ರೇಕ್ಷೆ ಇದ್ದೀತು, ಸುಳ್ಳಿಲ್ಲ. ಅವರನ್ನು ಕುರಿತು ವರ್ಷಗಟ್ಟಲೆ ನಕ್ಕ ನಾನೇ ಈ ವರ್ಷ ಅವರ ದಾರಿ ಕಾಯುವಂತಾಯಿತು. ಅವ್ವ ತೀರಿಕೊಂಡು ವರ್ಷ ತುಂಬುತ್ತಿತ್ತು. ನನ್ನ ಫೋನಿನ ತುಂಬ ಅವಳ ಫೋಟೊಗಳಿದ್ದವು. ದನಿ ಮಾತ್ರ ಎಲ್ಲಿಯೂ ಇರಲಿಲ್ಲ.

ಕಾಕಾ, ಅಂದರೆ ನನ್ನ ತಂದೆಯ ತಮ್ಮ, ಆಳಂದದಲ್ಲಿ ಕ್ಯಾಸೆಟ್ ಕಂಪನಿ ನಡೆಸಿದವರು. ಬಾಗಿಲ ಮೇಲೆ 'ಮ್ಯಾನೇಜಿಂಗ್ ಡೈರೆಕ್ಟರ್' ಎಂಬ ಫಲಕವಿತ್ತು. ಅವರ ಅಪ್ಪಣೆ ಪಾಲಿಸಲು ಒಳಗೆ ಇನ್ನೊಂದು ನರಪಿಳ್ಳೆಯೂ ಇರಲಿಲ್ಲವೆಂಬುದು ಬೇರೆ ಮಾತು! ಭಜನೆ, ತತ್ವಪದ, ಸೋಬಾನೆ, ಮೊಹರಂ ಪದ ಎಲ್ಲವನ್ನೂ ಅಫಜಲಪುರ, ಜೇವರ್ಗಿಯ ಹಳ್ಳಿಗಳವರೆಗೆ ಯಂತ್ರ ಹೊತ್ತೊಯ್ದು, ಹಾಡುವವರ ಮನೆಯಲ್ಲೇ ಮುದ್ರಿಸಿಕೊಳ್ಳುತ್ತಿದ್ದರು.

ಅವರದೊಂದು ಕಟ್ಟುನಿಟ್ಟಿನ ನಿಯಮ. ಹಾಡಿಗೆ ಮೊದಲು ಒಂದು ನಿಮಿಷ ಯಾರೂ ಪಿಟಕ್ಕೆನ್ನಬಾರದು; ಟೇಪು ಮಾತ್ರ ಓಡುತ್ತಿರಬೇಕು. ಹಾಡಿನ ನಡುವೆ ಕೆಮ್ಮೋ ಬೈಗುಳವೋ ನುಸುಳಿದರೆ ಅದನ್ನು ಕತ್ತರಿಸಿ, ಅದೇ ಮನೆಯ ಮೌನದ ತುಂಡೊಂದನ್ನು ಅಲ್ಲಿಗೆ ತೇಪೆ ಹಾಕುತ್ತಿದ್ದರು.

"ಒಂದ್ ಮನಿ ಮೌನ ಇನ್ನೊಂದ್ ಮನಿಗಿ ಕೂಡಂಗಿಲ್ಲವ್ವಾ. ಮನ್ಯಾಗೊಬ್ರು ಸತ್ರಂದ್ರ, ಅದೇ ಮನಿದೂ ಕೂಡಂಗಿಲ್ಲ," ಎಂದು ಅವರು ಹೇಳುವಾಗ ನನ್ನ ಕತ್ತಿನ ಹಿಂದೆ ಯಾರೋ ಮೆಲ್ಲಗೆ ಊದಿದಂತಾಗುತ್ತಿತ್ತು.

ಫೋನುಗಳು ಬಂದವು, ಕಂಪನಿ ಮುಚ್ಚಿತು. ಉಳಿದದ್ದು ಕತ್ತರಿಸಿದ ಕೆಮ್ಮುಗಳ ಒಂದು ಕಪಾಟು! ಅದನ್ನು ಯಾರಾದರೂ ಇಟ್ಟುಕೊಳ್ಳುತ್ತಾರೆಯೇ? ಕಾಕಾ ಅದರಿಂದಲೇ ಧರ್ಮಕಾರ್ಯ ಆರಂಭಿಸಿದರು. ಹಾಡಿದವರು ತೀರಿಕೊಂಡು ವರ್ಷ ತುಂಬುವ ದಿನ ಹೇಳದೆ ಕೇಳದೆ ಅವರ ಮನೆಗೆ ಹೋಗಿ, ಆ ತುಂಡುಗಳನ್ನು ಕೇಳಿಸಿ, ಕೊಟ್ಟು ಬರುವುದು. "ಹಾಡು ಊರಿಗಿ, ಕೆಮ್ಮು ಮನಿಗಿ" ಎಂಬುದು ಅವರ ಸಿದ್ಧಾಂತ.

ಮಾದನಹಿಪ್ಪರಗಾಕ್ಕೆ ನಾನೂ ಜೊತೆಗೆ ಹೋಗಿದ್ದೆ. ಕಾಗೆಯೂ ಕೂಗದ ಮಧ್ಯಾಹ್ನ. ಟೇಪಿನಲ್ಲಿ ಮೊದಲು ಸುಯ್ಯೆಂಬ ಸದ್ದು, ಬಳಿಕ, ವರ್ಷದ ಹಿಂದೆ ಮಣ್ಣಾದ ಮುದುಕರ ಗದರಿಕೆ: "ಚಾ ಎಲ್ಲದ ಬೇ? ಒಲಿ ಮುಂದ ಮಲಗಿಯೇನು?"

ಸೊಸೆ ಥಟ್ಟನೆ ಎದ್ದು ಒಳಗೆ ಹೋದಳು. ಅಳಲು ಹೋದಳೆಂದುಕೊಂಡೆವು. ಸ್ವಲ್ಪ ಹೊತ್ತಿಗೆ ಬಂದವಳು ಬಿಸಿ ಚಹಾದ ಕಪ್ಪು-ಬಸಿಯನ್ನು ಯಂತ್ರದ ಮುಂದಿಟ್ಟು, ಸೆರಗು ಸರಿಪಡಿಸಿಕೊಂಡು ನಿಂತಳು! ಚಹಾ ಕೆನೆಗಟ್ಟಿತು. ಯಾರೂ ಅದನ್ನು ಮುಟ್ಟಲಿಲ್ಲ, ಯಾರೂ ನಗಲಿಲ್ಲ. ನಾನು ಮಾತ್ರ ನಾನು ಪಾಠ ಮಾಡುವ ಕಾಲೇಜಿನಲ್ಲಿ ಅದನ್ನು ಅಭಿನಯಿಸಿ ತೋರಿಸಿ ಎಲ್ಲರನ್ನೂ ನಗಿಸಿದೆ.

ಜೇವರ್ಗಿ ಕಡೆಯ ಒಂದು ಹಳ್ಳಿಯಲ್ಲಿ ನಡೆದದ್ದು ಇನ್ನೂ ವಿಚಿತ್ರ. ಸತ್ತವರು ಅಣ್ಣ, ಕಾಕಾ ಒಯ್ದದ್ದು ತಮ್ಮನ ಕೆಮ್ಮು! ಕಟ್ಟೆಯ ಮೇಲೆ ಟೇಪು ಹಚ್ಚಿದೊಡನೆ ಬಾಗಿಲು ತೆರೆದವರು ಆ ತಮ್ಮನೇ.

"ಯಾರ ಕೆಮ್ಮರಿ ಇದು?"

"ನಿಮ್ದೇ ಅದರಿ."

"ನಾ ಇನ್ನಾ ಜೀವಂತ ಅದೀನಲ್ರಿ!"

"ತಪ್ಪಾತ್ರಿ, ಜರಾ ಜಲ್ದಿ ಬಂದೇನಿ. ಇಟ್ಕೋರಿ, ಮುಂದ ಮನಿ ಮಂದಿಗಿ ಬೇಕಾಗ್ತದ."

ಬಾಗಿಲು ದಡಾರನೆ ಮುಚ್ಚಿತು. ಕಾಕಾ ಯಂತ್ರ ನಿಲ್ಲಿಸಿದರು. ಕೆಮ್ಮು ನಿಲ್ಲಲಿಲ್ಲ, ಬಾಗಿಲ ಹಿಂದಿನಿಂದ ಹಾಗೆಯೇ ಬರುತ್ತಿತ್ತು. ನಾವಿಬ್ಬರೂ ಸರಸರನೆ ಬಸ್ಸಿನ ದಾರಿ ಹಿಡಿದೆವು.

ಇನ್ನು ಅವ್ವನ ಮಾತು. ನರೋಣಾದ ತೊಗರಿ ಹೊಲಗಳಲ್ಲಿ ಕಳೆ ತೆಗೆಯುತ್ತ ಹಾಡುತ್ತಿದ್ದವಳು ಅವಳು. ನಾನು ಹತ್ತನೆಯ ತರಗತಿಯಲ್ಲಿದ್ದಾಗ ಕಾಕಾ ಅವಳ ಹಾಡಿಗಾಗಿ ಯಂತ್ರ ತಂದಿದ್ದರು. ನಾನು ಮೂಲೆಯಲ್ಲಿ ಓದುತ್ತ ಕುಳಿತಿದ್ದೆ. ಮೌನದ ಒಂದು ನಿಮಿಷ ಮುಗಿಯುತ್ತಲೇ ಅವಳು ಎದ್ದುಬಿಟ್ಟಳು.

"ಬ್ಯಾಡಪ್ಪಾ, ನಾ ಹಾಡಿದ್ರ ಇಕಿ ಓದು ಕೆಡ್ತದ."

ಅಷ್ಟೇ. ಹಾಡೂ ಇಲ್ಲ, ಕೆಮ್ಮೂ ಇಲ್ಲ. ಮುಂದೆ ನನಗೆ ನೌಕರಿಯಾಯಿತು. ಅವಳು ಫೋನ್ ಮಾಡಿದಾಗಲೆಲ್ಲ 'ಕ್ಲಾಸಿನಲ್ಲಿದ್ದೇನೆ' ಎಂದು ಇಡುತ್ತಿದ್ದೆ. ಎಷ್ಟೋ ಸಲ ಕ್ಲಾಸು ಇರುತ್ತಿರಲಿಲ್ಲ. ಈಗ ಅವಳ ದನಿ ಹೇಗಿತ್ತೆಂಬುದೇ ನೆನಪಿನಿಂದ ಅಳಿಸತೊಡಗಿತ್ತು. ಸತ್ತವರು ಕೆಮ್ಮಿದ್ದಕ್ಕೆ ಹೆದರದವಳು ಇದಕ್ಕೆ ಹೆದರಿದೆ.

ವರ್ಷದ ದಿನ ನರೋಣಾದ ಅದೇ ಮನೆಗೆ ಕಾಕಾ ಬಂದೇ ಬಂದರು, ಯಂತ್ರದೊಂದಿಗೆ.

"ಅವ್ವ ಹಾಡೇ ಇಲ್ಲಲ್ಲ ಕಾಕಾ. ಏನ್ ತಂದೀರಿ?"

"ಸುಮ್ಮಕ ಕುಂದರು ಬೇ."

ಸುಯ್ಯೆಂಬ ಸದ್ದು. ಅವ್ವನ ಹಾಡಿಗೆ ಮೊದಲಿನ ಆ ಮೌನದ ನಿಮಿಷ ಅದು. ಎಲ್ಲಿಯೋ ಬಳೆಯೊಂದು ಮಿಸುಕಿತು. ಪುಟ ತಿರುವಿದ ಸಪ್ಪಳ. ಅದು ನನ್ನದೇ ಪುಸ್ತಕ. ಮತ್ತೊಂದು ಪುಟ. ಆಮೇಲೆ ಪುಟಗಳು ನಿಂತವು. ಮೂಲೆಯಲ್ಲಿ ಕುಳಿತ ಆ ಹುಡುಗಿ ಓದು ಬಿಟ್ಟು ಯಂತ್ರವನ್ನೇ ದಿಟ್ಟಿಸುತ್ತಿದ್ದಳು. ನಾನೂ ಈಗ ಅದನ್ನೇ ದಿಟ್ಟಿಸುತ್ತಿದ್ದೆ. ಆಗ, ತೀರ ಹತ್ತಿರದಿಂದ, ಹಲ್ಲಿನ ಸಂದಿಯಲ್ಲಿ ಪಿಸುಗುಟ್ಟಿದ ದನಿ:

"ಅಲ್ಲೇನ್ ನೋಡ್ತಿ ಬೇ? ಓದು."

ನಾನು ಥಟ್ಟನೆ ಎದ್ದೆ. ಕಪಾಟಿನಿಂದ ಕೈಗೆ ಸಿಕ್ಕ ಪುಸ್ತಕ ತೆಗೆದು ಅದೇ ಮೂಲೆಯಲ್ಲಿ ಕುಳಿತು ತೆರೆದೆ. ಕಾಕಾ ನಗಲಿಲ್ಲ. ನಾನು ಒಂದು ಪುಟ ತಿರುವಿದೆ.

ಟೇಪಿನಲ್ಲಿಯೂ ಒಂದು ಪುಟ ತಿರುಗಿತು.