ಮುಂಗಡ ಹಿಡಿದ ಜಾಗ

ಕಣ್ಣು ಕಾಣದ ಮಕ್ಕಳಿಗೆ ಪಾಠ ಓದಿ, ಧ್ವನಿ ಮುದ್ರಿಸಿ ಕಳಿಸುವ ಕಚೇರಿ ಅದು. ಮುದ್ರಣ ಅರ್ಧಕ್ಕೆ ನಿಲ್ಲಬಾರದೆಂದು, ಬಸ್ಸಿನ ಸೀಟಿಗೆ ಕರ್ಚೀಫು ಹಾಕಿದಂತೆ ಡಿಸ್ಕಿನಲ್ಲಿ ಫೈಲಿಗೆ ಮೊದಲೇ ಜಾಗ ಹಿಡಿದಿಡುವ ಪ್ರೋಗ್ರಾಮೊಂದನ್ನು ಅಲ್ಲಿನ ಪ್ರೋಗ್ರಾಮರ್ ಬರೆದಿದ್ದ. ಹಿಂದಿನ ಸಂಜೆ ಪ್ರಯೋಗಕ್ಕೆಂದು ಖಾಲಿ ಫೈಲೊಂದಕ್ಕೆ ಜಾಗ ಹಿಡಿಯುವಾಗ, ಮನೆಗೆ ಹೋಗುವ ಆತುರದಲ್ಲಿ ಅಳತೆಗೆ ಮೂರು ಸೊನ್ನೆ ಹೆಚ್ಚಿಗೆ ಒತ್ತಿಬಿಟ್ಟಿದ್ದ.

ಬೆಳಿಗ್ಗೆ ನಿವೃತ್ತ ಟೀಚರ್ ಜೀರ್ಣಾಂಗಗಳ ಪಾಠ ಓದುತ್ತ ಸಣ್ಣ ಕರುಳಿಗೆ ಬರುವಷ್ಟರಲ್ಲಿ ಕಂಪ್ಯೂಟರ್ ‘ಜಾಗವಿಲ್ಲ’ ಎಂದು ಕೈ ಚೆಲ್ಲಿತು.

“ನಾಲ್ಕಕ್ಕೆ ಪಾಠ ಹೋಗ್ಬೇಕು. ಯಾರ್ರೀ ತುಂಬಿಸಿದ್ದು?” ಮುಖ್ಯಸ್ಥೆ ಗುಡುಗಿದರು.

ಆ ಖಾಲಿ ಫೈಲೇ ಡಿಸ್ಕನ್ನೆಲ್ಲ ನುಂಗಿ ಕೂತದ್ದು ನೋಡಿದ್ದೇ ಪ್ರೋಗ್ರಾಮರನಿಗೆ ತನ್ನ ಮೂರು ಸೊನ್ನೆ ನೆನಪಾಯಿತು. ಬಾಯಿಗೆ ಬಂದದ್ದು ಸುಳ್ಳು. “ಟೀಚರ್ ತುಂಬಾ ನಿಧಾನ ಓದ್ತಾರೆ ಮೇಡಂ. ಫೈಲು ಉಬ್ಬಿಬಿಟ್ಟಿದೆ.”

“ಉಸಿರಾದ್ರೂ ಸ್ವಲ್ಪ ಕಮ್ಮಿ ತಗೊಳ್ಳಿ ಟೀಚರ್,” ಟೈಪಿಸ್ಟ್ ಒಗ್ಗರಣೆ ಹಾಕಿದಳು.

ಟೀಚರ ಮುಖ ಚಿಕ್ಕದಾಯಿತು. “ಮಕ್ಕಳಿಗೆ ತಿಳೀಲಿ ಅಂತ ನಿಧಾನ ಓದ್ತಿದ್ದೆ. ಮೊಮ್ಮಗಳಿಗೆ ಅಂತ ನಾನು ಓದಿಟ್ಟ ಕತೆಗಳಿವೆ ಆ ಕಂಪ್ಯೂಟರಲ್ಲಿ. ಅಳಿಸಿಬಿಡಪ್ಪಾ, ಪಾಠ ಮುಖ್ಯ.”

“ಊ… ಊಟ ಆದ್ಮೇಲೆ ನೋಡೋಣ,” ಎಂದ ಅವನು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಟೀಚರ್ ಮಾತ್ರ ಹೊರಗಿನ ಬೆಂಚಿನ ಮೇಲೆ ಕೂತು, ಪುಸ್ತಕ ಹಿಡಿದು, ಹುರಿಯುವ ಕಾಳು ಸಿಡಿದಂತೆ ಗಡಗಡ ಓದುವ ಅಭ್ಯಾಸಕ್ಕೆ ಇಳಿದರು.

ಎಲ್ಲರೂ ಊಟಕ್ಕೆ ಹೋದಾಗ ಅವನು ಕಳ್ಳಬೆಕ್ಕಿನಂತೆ ಓದುವ ಕೋಣೆಗೆ ನುಗ್ಗಿ ಆ ಖಾಲಿ ಫೈಲನ್ನು ಅಳಿಸಿದ. ಅಲ್ಲೇ ಮೈಕಿನ ಮುಂದಿನ ಕುರ್ಚಿಯಲ್ಲಿ ಕುಸಿದು ಕಣ್ಣೊರೆಸಿಕೊಂಡ. “ಥೂ, ನನ್ನ ಜನ್ಮಕ್ಕಿಷ್ಟು! ತಪ್ಪು ಮಾಡಿದ್ದು ನಾನು, ತಾಯಿಯಂಥೋರ ತಲೆಗೆ ಕಟ್ಟಿದೆನಲ್ಲ. ಕ್ಷಮಿಸಿ ಟೀಚರ್…” ಎದುರಿಗೆ ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಊಟ ಮುಗಿಸಿ ಬಂದ ಟೀಚರ್ ರೈಲಿನ ವೇಗದಲ್ಲಿ ಪಾಠ ಮುಗಿಸಿದರು. ಕೇಳಿ ನೋಡಲು ಯಾರಿಗೂ ಪುರುಸೊತ್ತಿಲ್ಲ. ನಾಲ್ಕಕ್ಕೆ ಸರಿಯಾಗಿ ಪಾಠ ನಾನೂರು ಮಕ್ಕಳಿಗೆ ಹೋಯಿತು. ಪ್ರೋಗ್ರಾಮರ್ ನಿಟ್ಟುಸಿರು ಬಿಟ್ಟ.

ಐದೂವರೆಗೆ ಟೀಚರ ಫೋನು ರಿಂಗಾಯಿತು. ಕಿವಿ ಸ್ವಲ್ಪ ಮಂದವಾದ್ದರಿಂದ ಅವರು ಸ್ಪೀಕರ್ ಒತ್ತಿದರು. ಪುಟ್ಟ ಹುಡುಗಿಯ ದನಿ ಇಡೀ ಕಚೇರಿಗೆ ಕೇಳಿಸಿತು.

“ಟೀಚರ್, ಸಣ್ಣ ಕರುಳು ಆದ್ಮೇಲೆ ಒಬ್ರು ಮಾಮ ಅಳ್ತಾ ನಿಮ್ಮ ಹತ್ರ ಕ್ಷಮೆ ಕೇಳ್ತಾರಲ್ಲ, ಅದೂ ಪರೀಕ್ಷೆಗೆ ಬರುತ್ತಾ?”

ಜಾಗ ಸಿಕ್ಕ ಕೂಡಲೇ ಮುದ್ರಣ ತಾನಾಗಿಯೇ ಮುಂದುವರಿಯುವಂತೆ ಮಾಡಿದ್ದೂ ಅವನೇ!

ಮುಖ್ಯಸ್ಥೆ, ಟೈಪಿಸ್ಟ್, ಎಲ್ಲರ ಕಣ್ಣೂ ಅವನತ್ತ ತಿರುಗಿದವು. ಟೀಚರ್ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಅವನನ್ನು ನೋಡಿದರು.

“ಬರುತ್ತೆ ಕಂದಾ,” ಎಂದರು ಫೋನಿಗೆ. “ಬಾಯಿಪಾಠ ಮಾಡ್ಕೊ.”