ಪ್ರಿಸೆಟ್ ಒತ್ತಿದೆ, ಅರಿಷಿಣ ಹೋಯಿತು

ಗೋಕಾಕಿನಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಉಳಿದವರ ಅಂಗಡಿಗೆ ಗಿರಾಕಿ ಬರುತ್ತಾರೆ, ಫೋಟೋ ಒಯ್ಯುತ್ತಾರೆ, ಮುಗಿಯಿತು. ನನ್ನಲ್ಲಿ ಮಾತ್ರ ಪ್ರತಿ ಮದುವೆಗೂ ಏನಾದರೊಂದು ಆಗಿಯೇ ತೀರುತ್ತದೆ. ತಪ್ಪು ನನ್ನದಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಓದಿದ ಮೇಲೆ ನೀವು ಒಪ್ಪದಿದ್ದರೆ ಅದು ನಿಮ್ಮ ಸ್ವಭಾವ. ಒಂದೇ ಮದುವೆಯಲ್ಲಿ ಆದದ್ದಿಷ್ಟು ಕೇಳಿ. ಹುಡುಗಿ ಮೂಡಲಗಿಯವಳು, ಹುಡುಗ ಹುಕ್ಕೇರಿಯವನು.

೧. ಹೆಸರಿನ ಗೋಳು

ಮದುವೆಯೆಂದರೆ ಎರಡು ಸಾವಿರ ಫೋಟೋ. ಒಂದೊಂದನ್ನೇ ತಿದ್ದುತ್ತ ಕೂತರೆ ಅಷ್ಟರಲ್ಲಿ ಆ ಮನೆಯಲ್ಲಿ ತೊಟ್ಟಿಲು ಕಟ್ಟಿರುತ್ತಾರೆ. ಅದಕ್ಕೇ ಪ್ರಿಸೆಟ್. ಒಂದು ಫೋಟೋದ ಬೆಳಕು, ಬಣ್ಣ ಹದ ಮಾಡಿ, ಆ ಹದಕ್ಕೊಂದು ಹೆಸರಿಟ್ಟು ಕಂಪ್ಯೂಟರಿನಲ್ಲಿ ಇಟ್ಟುಬಿಡುವುದು. ಆಮೇಲೆ ಆ ಹೆಸರು ಒತ್ತಿದರಾಯಿತು, ಉಳಿದ ಫೋಟೋಗಳೂ ಸಾಲಾಗಿ ಅದೇ ಹದಕ್ಕೆ ಬರುತ್ತವೆ.

ಹೆಸರು ನನಗೆ ನೆನಪಿರಬೇಕಲ್ಲ? ‘ಬಿಸಿಲಾಗ ಬೆಂದವರು’, ‘ಸಿಟ್ಟಾದ ಬೀಗರು’, ‘ಮೇಕಪ್ ಜಾಸ್ತಿ’ ಎಂದೆಲ್ಲ ಇಟ್ಟಿದ್ದೆ. ಹುಡುಗಿಯ ಅವ್ವ ಆಲ್ಬಮ್ಮಿಗೆ ಫೋಟೋ ಆರಿಸಲು ಬಂದು ನನ್ನ ಬಾಜೂಕ್ಕೇ ಕೂತರು. ಅವರ ಫೋಟೋ ತೆರೆದವನೇ ರೂಢಿಯಂತೆ ‘ಮೇಕಪ್ ಜಾಸ್ತಿ’ ಒತ್ತಿದೆ.

“ಅಣ್ಣಾರ, ಏನ ಒತ್ತಿದ್ರಿ ಅದು?”

“ಸುಮ್ಮ ಒಂದು ಹೆಸರರಿ ಅಕ್ಕಾರ. ಅರ್ಥ ಏನಿಲ್ಲ.”

ಅವರು ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. “ಹಂಗಾರ ನಮ್ಮ ಬೀಗತಿಗೂ ಅದನ್ನ ಒತ್ತರಿ. ಎರಡು ಸಲ.”

೨. ಅಜ್ಜಿಯ ಹಚ್ಚೆ

ಸುಕ್ಕು ಅಳಿಸಲು ‘ಹದಿನಾರು’ ಎಂಬ ಪ್ರಿಸೆಟ್ ಇದೆ. ಅದನ್ನು ಮೇಲವಂಕಿಯಿಂದ ಬಂದಿದ್ದ ಹುಡುಗಿಯ ಅಜ್ಜಿಯ ಫೋಟೋಕ್ಕೂ ಒತ್ತಿದ್ದೆ. ಅಜ್ಜಿ ಆ ಫೋಟೋ ಹಿಡಿದು ಕೋಲೂರುತ್ತ ಸ್ಟುಡಿಯೋಕ್ಕೇ ಬಂದರು.

“ತಮ್ಮಾ, ನನ್ನ ಸೀರಿ ಉಟ್ಕೊಂಡ ಕುಂತಾಳಲ್ಲ, ಯಾರು ಇಕಿ?”

“ನೀವ ಅದು, ಆಯಿ.”

“ನಾನಾ? ಮತ್ತ ಕೈಯಾಗಿನ ಹಚ್ಚಿ ಎಲ್ಲೈತಿ?” ಅಳಿಸುವಾಗ ಸುಕ್ಕಿನ ಜೊತೆ ಮುಂಗೈಯ ಹಚ್ಚೆಯೂ ಹೋಗಿತ್ತು. “ಸತ್ತಾಗ ಜೋಡಿ ಬರೂದು ಅದೊಂದ ನೋಡು. ಅದನ್ನೂ ಕಸಗೊಂಡ್ಯಾ?”

“ತಪ್ಪಾತು ಆಯಿ, ಫೋಟೋ ಮದಲಿನಂಗ ಮಾಡಿ ಕೊಡ್ತೇನಿ” ಎಂದೆ.

“ಏ, ಮಾರಿ ಮುಟ್ಟಬ್ಯಾಡ!” ಎಂದರು ಅಜ್ಜಿ, ಫೋಟೋದ ನುಣುಪಾದ ಮುಖದ ಮೇಲೆ ಬೆರಳಿಟ್ಟು. “ಹಚ್ಚಿ ಅಷ್ಟ ತಿರುಗಿ ಹಾಕು.”

೩. ಇಳಿಯುವ ಅರಿಷಿಣ

ಪೆಂಡಾಲಿನ ಹಳದಿ ದೀಪಕ್ಕೆ ಎಲ್ಲರ ಮುಖವೂ ಕಾಮಾಲೆ ಬಂದಂತೆ ಕಾಣುತ್ತದೆ. ಹಳದಿಯನ್ನು ಪೂರ್ತಿ ತೆಗೆದುಹಾಕುವ ಪ್ರಿಸೆಟ್ ಅದಕ್ಕೆಂದೇ ಮಾಡಿದ್ದೆ. ಅವಸರದಲ್ಲಿ ಅದನ್ನು ಅರಿಷಿಣ ಶಾಸ್ತ್ರದ ನಾಲ್ಕುನೂರು ಫೋಟೋಗಳಿಗೆ ಒತ್ತಿ, ನೋಡದೆಯೇ ಎರಡೂ ಮನೆಯವರ ಮೊಬೈಲಿಗೆ ಕಳಿಸಿದೆ. ಹೆಂಗಸರು ಕೈತುಂಬ ಏನೋ ಬಳಿಯುತ್ತಿದ್ದಾರೆ, ಹುಡುಗಿ ನಾಚಿಕೊಂಡಿದ್ದಾಳೆ, ಕೆನ್ನೆಯ ಮೇಲೆ ಮಾತ್ರ ಏನೂ ಇಲ್ಲ!

ಮೂಡಲಗಿಯಲ್ಲಿ ನಡೆದ ಆ ಶಾಸ್ತ್ರಕ್ಕೆ ಹುಕ್ಕೇರಿಯವರು ಬಂದಿರಲಿಲ್ಲ. ಫೋಟೋ ನೋಡಿದ ಹುಡುಗನ ತಾಯಿ ಕೂಡಲೇ ಬೀಗತಿಗೆ ಫೋನ್ ಮಾಡಿ, “ನಮ್ಮ ಸೊಸಿಗೆ ಅರಿಷಿಣ ಹಚ್ಚೇ ಇಲ್ಲಲ್ರಿ, ಬರೇ ಕೈ ಆಡಿಸೀರಿ” ಎಂದರಂತೆ. ಹುಡುಗಿಯ ಅವ್ವ ಅದನ್ನಿಟ್ಟವರೇ ನನಗೆ ಫೋನ್ ಮಾಡಿದರು.

“ಮಗಳು ಅಲ್ಲೇ ಬಾಳೇವ ಮಾಡಬೇಕ್ರಿ ಅಣ್ಣಾರ. ಶಾಸ್ತ್ರ ಬಿಟ್ಟಾರ ಅಂತ ಆಕೀಗೆ ಜನ್ಮಪೂರ್ತಿ ಆಡತಾರ. ಏನರ ಮಾಡ್ರಿ.”

ತಪ್ಪು ನನ್ನದೆಂದು ಹುಕ್ಕೇರಿಗೆ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹಾಗೆಂದೇ ಫೋನ್ ಹಚ್ಚಿದೆ. ಆದರೆ ಬಾಯಿ ನನ್ನದಲ್ಲವೇ?

“ಅಕ್ಕಾರ, ಅದು ಸಾದಾ ಅರಿಷಿಣ ಅಲ್ರಿ. ಇಳಿಯೂ ಅರಿಷಿಣ. ಹಚ್ಚಿದ ಕೂಡಲೇ ಮೈಯಾಗ ಇಳದ ಬಿಡ್ತೈತಿ, ಹೊರಗ ಕಾಣಂಗಿಲ್ಲ. ಭಾಳ ತುಟ್ಟಿ ಮಾಲು. ನಿಮ್ಮ ಮನಿಗೆ ಬರೂ ಹುಡುಗಿ ಅಂತ ಬೀಗತ್ಯಾರು ಖಾಸ್ ತರಿಸಿದ್ರು.”

ಗೆದ್ದೆ ಎಂದುಕೊಂಡೆ.

“ಖರೇನ್ರಿ?” ಎಂದರು ಅವರು. “ಮುಂದಿನ ವಾರ ನನ್ನ ಮಗಳ ಅರಿಷಿಣ ಐತಿ. ಎರಡು ಕಿಲೋ ತರಾಕ ಬೀಗತಿಗೆ ಹೇಳ್ತೇನಿ.”

೪. ಪರೀಕ್ಷೆ

ಆ ವಾರವಿಡೀ ಹುಡುಗಿಯ ಅವ್ವನ ಫೋನ್. “ಎಲ್ಲಿಂದ ತರಲ್ರಿ ಅದನ್ನ? ಇಲ್ಲಾ ಅಂದ್ರ ನಾನ ಸುಳ್ಳಿ ಆಗ್ತೇನಿ!” ನಾನೇ ಹೋಗಿ ಒಪ್ಪಿಕೊಳ್ಳುತ್ತೇನೆಂದು ಮಾತು ಕೊಟ್ಟು, ಹಳದಿ ಹಳದಿಯಾಗಿ ಮತ್ತೆ ಪ್ರಿಂಟ್ ಹಾಕಿದ ಫೋಟೋಗಳೊಂದಿಗೆ, ಹುಡುಗನ ತಂಗಿಯ ಅರಿಷಿಣದ ದಿನವೇ ಹುಕ್ಕೇರಿಗೆ ಹೋದೆ. ಹುಡುಗನ ತಾಯಿ ಚಹಾ ಕೊಟ್ಟು ಎದುರಿಗೆ ಕೂತರು. ನಾನಿನ್ನೂ ಬಾಯಿ ತೆರೆದಿರಲಿಲ್ಲ.

“ಒಂದು ಮಾತು ಹೇಳ್ರಿ ಫೋಟೋದವರ. ಅರಿಷಿಣ ಹುಡುಗಿ ಮೈಯಾಗ ಇಳೀತು, ಆತು. ಹಿಂದ ಕಟ್ಟಿದ್ದ ಚಂಡ ಹೂವಿನ ಹಳದಿ ಯಾರ ಮೈಯಾಗ ಇಳೀತ್ರಿ?”

ಚಹಾ ನೆತ್ತಿಗೇರಿತು. ಇವರಿಗೆ ಮೊದಲ ದಿನವೇ ಎಲ್ಲ ಗೊತ್ತು!

ಅಷ್ಟರಲ್ಲಿ ಹುಡುಗಿಯ ಅವ್ವ ಒಳಗೆ ಬಂದರು, ಕಂಕುಳಲ್ಲಿ ದೊಡ್ಡ ಡಬ್ಬಿ. ನನ್ನ ಮಾತಿನ ಮೇಲೆ ಅವರಿಗೆ ನಂಬಿಕೆಯಿದ್ದಂತಿಲ್ಲ. “ತಂದೇನ್ರಿ ಬೀಗತ್ಯಾರ, ಇಳಿಯೂ ಅರಿಷಿಣ” ಎಂದು ಡಬ್ಬಿ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದರು. ಹುಡುಗನ ತಾಯಿ ಮುಚ್ಚಳ ತೆಗೆದು ಚಿಟಿಕೆ ಮೂಸಿದರು. ಶುದ್ಧ ಅಕ್ಕಿ ಹಿಟ್ಟು. ನನಗೆ ಕೂತಲ್ಲಿಯೇ ವಾಸನೆ ಬಂತು.

ಅವರು ಬೀಗತಿಯ ಮುಖ ನೋಡಿದರು. ಆಮೇಲೆ ನನ್ನದು. “ಮಾಲು ಛಲೋ ಐತ್ರಿ” ಎಂದು ಎರಡೂ ಕೈ ತುಂಬ ತೆಗೆದುಕೊಂಡು ನೀರು ಚಿಮುಕಿಸಿ, ನನ್ನ ಎರಡೂ ಗಲ್ಲಕ್ಕೆ, ಹಣೆಗೆ, ಮೀಸೆಗೆ ಸಾವಕಾಶ ಬಳಿದರು. ನೆರೆದ ಹೆಂಗಸರೆಲ್ಲ ಸುತ್ತ ನಿಂತರು.

“ಇಳಿಯೂ ತನಕ ಇಲ್ಲೇ ಕುಂಡರ್ರಿ.”

ಹುಡುಗಿಯ ಅವ್ವನಿಗೆ ಆಗ ಜೀವ ಬಂತು. ಬೀಗತಿಯ ಕಣ್ಣಲ್ಲಿ ನಗು ಕಂಡವರೇ ಡಬ್ಬಿಯನ್ನು ಮುಂದಕ್ಕೆ ಸರಿಸಿದರು.

“ಕೈ ಹಿಡೀಬ್ಯಾಡ್ರಿ ಬೀಗತ್ಯಾರ, ಕುತಗಿಗೂ ಹಚ್ಚರಿ. ಎರಡು ಕಿಲೋ ತಂದೇನಿ.”